ಬ್ಲಾಕ್ ಮೇಲೆ ಬ್ಲಾಕ್ ಬೇಡ: 68ರ ಮಸ್ಟ್ಯಾಂಗ್ ಹಿಂಬದಿ ಇಳಿಸುವ ಮುಂಚೆ

ಸರ್, ಗುಂಪಲ್ಲಿ ನೀವು ಹಾಕಿದ ಫೋಟೋ ನೋಡಿ ಸುಮ್ಮನಿರೋಕೆ ಆಗಲಿಲ್ಲ. 1968ರ ಫೋರ್ಡ್ ಮಸ್ಟ್ಯಾಂಗ್ ಕೂಪೆ, 302 (ಘನ ಇಂಚಿನ) ಇಂಜಿನ್, ಹೋದ ಬೇಸಿಗೆಯಲ್ಲಿ ಹಾಕಿದ ಹೊಸ ಐದು ಪ್ಲೇಟಿನ ಲೀಫ್ ಸ್ಪ್ರಿಂಗ್, ಅಂದರೆ ಲಾರಿಯಲ್ಲಿರುವಂಥ ಕಮಾನು ಪಟ್ಟಿಗಳ ಕಟ್ಟು. ಹಿಂದುಗಡೆ ಕುಂಡಿ ಎತ್ತಿಕೊಂಡು ನಿಂತಿತು ಅಂತ ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ 2 ಇಂಚಿನ ಲೋಹದ ಬ್ಲಾಕ್, ಅದೂ ಸಾಲದು ಅಂತ ಅದರ ಮೇಲೊಂದು 1 ಇಂಚಿನದು. ಈಗ ಗಂಟೆಗೆ 60 ಮೈಲಿ ದಾಟಿದರೆ ನಡುಕ, ರಸ್ತೆ ಉಬ್ಬಿನ ಮೇಲೆ ದಢಾರ್, ಸಿಗ್ನಲ್‌ನಲ್ಲಿ ಒತ್ತಿದರೆ ಚಕ್ರ ಕುಪ್ಪಳಿಸುತ್ತೆ. ಶಾಕ್ (ಶಾಕ್ ಅಬ್ಸಾರ್ಬರ್) ಬದಲಾಯಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹೋಗಲ್ಲ. ಇದೇ ತಪ್ಪು ನಾನೂ ಮಾಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಿಮ್ಮ ಹಳೇ ಫೋಟೋದಲ್ಲೇ ಉತ್ತರ ಇದೆ. ಗಾಡಿ ಜ್ಯಾಕ್ ಸ್ಟ್ಯಾಂಡ್ ಮೇಲಿದೆ, ಆಕ್ಸಲ್ ಗಾಳಿಯಲ್ಲಿ ನೇತಾಡ್ತಿದೆ, ನಟ್ ಬಿಗಿಯುವ ಇಂಪ್ಯಾಕ್ಟ್ ಗನ್ ಶ್ಯಾಕಲ್ (ಸ್ಪ್ರಿಂಗ್‌ನ ಹಿಂದಿನ ತುದಿಯನ್ನು ಬಾಡಿಗೆ ಸೇರಿಸುವ ಕೊಂಡಿ) ನಟ್ಟಿನ ಮೇಲಿದೆ. ಅಲ್ಲಿಗೆ ಕೆಲಸ ಕೆಟ್ಟಿತು. ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ಜಾರಿ ತಿರುಗೋದಲ್ಲ, ತಿರುಚಿಕೊಂಡು ತಿರುಗೋದು. ಬೋಲ್ಟ್ ಬಿಗಿದ ಕ್ಷಣದಲ್ಲಿ ಯಾವ ಕೋನದಲ್ಲಿತ್ತೋ ಅದೇ ಅದಕ್ಕೆ ವಿಶ್ರಾಂತಿ ಸ್ಥಾನ. ನೇತಾಡುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ಮುಂದಿನ ಕಣ್ಣಿನ (ಸ್ಪ್ರಿಂಗ್ ತುದಿಯ ಬಳೆಯ) ಬುಷ್, ಶ್ಯಾಕಲ್‌ನ ಮೇಲಿನ ಕೆಳಗಿನ ಬುಷ್ ಎಲ್ಲವೂ ತಿರುಚಿಕೊಂಡೇ ನಿಲ್ಲುತ್ತವೆ. ಅವು ಎಲ್ಲಾ ಸೇರಿ ಹಿಂಬದಿಯನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಅರ್ಧ ಇಂಚಿನವರೆಗೂ ಸುಳ್ಳು ಎತ್ತರ ಅದರಿಂದಲೇ ಬರಬಹುದು. ಅದರ ಮೇಲೆ ಹೊಸ ಸ್ಪ್ರಿಂಗ್ ಇನ್ನೂ ಕೂತಿಲ್ಲ, ಮೊದಲ ಕೆಲವು ನೂರು ಮೈಲಿಯಲ್ಲಿ ಕಾಲು ಇಂಚಿಂದ ಅರ್ಧ ಇಂಚು ತಾನಾಗೇ ಇಳಿಯುತ್ತೆ. ಅಂದರೆ ನೀವು ಬ್ಲಾಕ್ ಇಟ್ಟಿದ್ದರಲ್ಲಿ ಸುಮಾರು ಪಾಲು ಇಲ್ಲದ ಕಾಯಿಲೆಗೆ ಔಷಧಿ.

ಹಾಗಾಗಿ ಒಂದು ಡಾಲರ್ ಖರ್ಚು ಮಾಡೋ ಮುಂಚೆ ಇಷ್ಟು ಮಾಡಿ. ಮೊದಲು ಎರಡೂ ಬ್ಲಾಕ್ ತೆಗೀರಿ. ಆಕ್ಸಲನ್ನು ಸ್ಪ್ರಿಂಗ್‌ಗೆ ಕಟ್ಟುವ ಹಳೇ ಯು-ಬೋಲ್ಟ್ ಮತ್ತೆ ಹಾಕಬೇಡಿ, ಬಿಗಿದಾಗ ಹಿಗ್ಗಿ ಕೆಲಸ ಮಾಡುವ ವಸ್ತು ಅದು, ಎರಡನೇ ಸಲ ಹಿಡಿತ ಕೊಡಲ್ಲ. ಹೊಸದು ತರುವಾಗ ಆಕ್ಸಲ್ ಟ್ಯೂಬಿನ ವ್ಯಾಸ ಅಳೆದುಕೊಂಡು ಹೋಗಿ. 302 ಇಂಜಿನ್‌ಗೆ ಸಾಮಾನ್ಯವಾಗಿ 8 ಇಂಚಿನ ಆಕ್ಸಲ್ (ಅದು ಒಳಗಿನ ರಿಂಗ್ ಗೇರಿನ ಅಳತೆ, ಟ್ಯೂಬಿನದ್ದಲ್ಲ), ದೊಡ್ಡ 390 ಇಂಜಿನ್‌ಗೆ 9 ಇಂಚಿನದು, ಆದರೆ ಐವತ್ತು ಚಿಲ್ಲರೆ ವರ್ಷದಲ್ಲಿ ಯಾರು ಯಾವುದನ್ನು ತೂರಿಸಿದ್ದಾರೋ ಗೊತ್ತಾಗಲ್ಲ. ಆಮೇಲೆ ಮುಂದಿನ ಕಣ್ಣಿನ ಬೋಲ್ಟ್, ಶ್ಯಾಕಲ್‌ನ ನಟ್ಟುಗಳು ಎಲ್ಲಾ ಬೆರಳಲ್ಲಿ ತಿರುಗುವಷ್ಟು ಸಡಿಲ ಮಾಡಿ, ಗಾಡಿಯನ್ನು ಚಕ್ರದ ಮೇಲೆ ಇಳಿಸಿ. ಡಿಕ್ಕಿ ಮೇಲೆ ಕೂತು ಹತ್ತು ಸಲ ಕುಲುಕಿ. ಹತ್ತು ಅಡಿ ಮುಂದೆ, ಹತ್ತು ಅಡಿ ಹಿಂದೆ ತಳ್ಳಿ. ಈಗ, ಭಾರ ಪೂರ್ತಿ ಚಕ್ರದ ಮೇಲಿರುವಾಗ, ಬಿಗೀರಿ. ಎಷ್ಟು ಟಾರ್ಕ್ (ಬಿಗಿಯುವ ಬಲ) ಅಂತ ಯಾವುದೋ ವಿಡಿಯೋದವನು ಹೇಳಿದ್ದಲ್ಲ, 68ರ ಶಾಪ್ ಮ್ಯಾನ್ಯುಯಲ್‌ನಲ್ಲಿ ಇದ್ದದ್ದು. ಕೆಳಗೆ ತೂರೋಕೆ ಜಾಗ ಇಲ್ಲ ಅಂತೀರಿ, ಗೊತ್ತು. ಅಗಲವಾದ ಹಲಗೆಗಳನ್ನು ಅಡ್ಡ ಉದ್ದ ಜೋಡಿಸಿ ಸ್ಕ್ರೂ ಹೊಡೆದು ನಾಲ್ಕು ಪೀಠ ಮಾಡಿಕೊಳ್ಳಿ, ಒಂದೊಂದು ಚಕ್ರದ ಕೆಳಗೆ ಒಂದೊಂದು. ಹಿಂದಿನ ಎರಡಕ್ಕೆ ಮಾತ್ರ ಇಟ್ಟು ಮುಂದೆ ನೆಲಕ್ಕೇ ಬಿಟ್ಟರೆ ಗಾಡಿ ಮೂಗು ಕುಕ್ಕಿ ನಿಲ್ಲುತ್ತೆ, ಕೋನದ ಅಳತೆ ಎಲ್ಲಾ ಸುಳ್ಳಾಗುತ್ತೆ.

ಮಿಶಿಗನ್, ಒಹಾಯೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ತಿಂದ ಗಾಡಿಗಳಲ್ಲಿ ಮುಂದಿನ ಕಣ್ಣಿನ ಬೋಲ್ಟ್ ಬುಷ್‌ನ ಒಳಗಿನ ಕೊಳವೆಗೆ ಕಚ್ಚಿಕೊಂಡುಬಿಟ್ಟಿರುತ್ತೆ. ನಟ್ ತಿರುಗಿತು ಅಂತ ಖುಷಿಪಡಬೇಡಿ, ಬೋಲ್ಟೂ ಕೊಳವೆಯೂ ಒಟ್ಟಿಗೆ ತಿರುಗಿ ರಬ್ಬರ್ ಹರೀತಿರುತ್ತೆ. ಎರಡು ದಿನ ಮುಂಚಿನಿಂದ ತುಕ್ಕು ಬಿಡಿಸುವ ಪಿಬಿ ಬ್ಲಾಸ್ಟರ್ ಎಣ್ಣೆ ಹೊಡೀತಾ ಇರಿ. ಬಗ್ಗದಿದ್ದರೆ ಗರಗಸದಲ್ಲಿ ಕತ್ತರಿಸಿ ಹೊಸ ಬೋಲ್ಟ್, ಹೊಸ ಬುಷ್. ಕಾಯಿಸೋಕೆ ಗ್ಯಾಸ್ ಟಾರ್ಚ್ ಹಿಡಿಯೋ ಆಸೆ ಬೇಡ, ಡಿಕ್ಕಿಯ ನೆಲವೇ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗ ಈ ಗಾಡಿಯಲ್ಲಿ.

ಇಷ್ಟಾದ ಮೇಲೆ ಅಳೀರಿ. ನೆಲದಿಂದಲ್ಲ, ಚಕ್ರದ ನಡುಬಿಂದುವಿನಿಂದ ಫೆಂಡರ್ (ಚಕ್ರದ ಮೇಲಿನ ಮಡ್‌ಗಾರ್ಡ್) ಅಂಚಿಗೆ. ಟೈರಿನ ಗಾಳಿ, ಟೈರಿನ ಸೈಜು ಯಾವುದೂ ಆಗ ಲೆಕ್ಕಕ್ಕೆ ಬರಲ್ಲ. ಟ್ಯಾಂಕ್ ಅರ್ಧ ಇರಲಿ, ತುಂಬಿದ ಟ್ಯಾಂಕು ಅಂದರೆ ಆಕ್ಸಲ್ ಹಿಂದೆ ಹತ್ತಿರಹತ್ತಿರ 100 ಪೌಂಡ್. ಎಡ ಬಲ ವ್ಯತ್ಯಾಸ ಬಂದರೆ ತಕ್ಷಣ ಒಂದು ಕಡೆಗೆ ಬ್ಲಾಕ್ ತೂರಿಸಬೇಡಿ. ಮುಂದಿನ ಕ್ರಾಸ್‌ಮೆಂಬರ್ (ಗಾಡಿ ಕೆಳಗಿನ ಅಡ್ಡ ತೊಲೆ) ನಟ್ಟನಡುವೆ ಜ್ಯಾಕ್ ಕೊಟ್ಟು ಮುಂದಿನ ಎರಡೂ ಚಕ್ರ ಎತ್ತಿ ನೋಡಿ. ಹಿಂದೆ ಸಮ ಆಯ್ತಾ, ತಪ್ಪು ಮುಂದಿನ ಕಾಯಿಲ್ (ಸುರುಳಿ) ಸ್ಪ್ರಿಂಗ್‌ನದ್ದು. ಆಗಲೂ ಓರೆ ಇದ್ದರೆ ಮಾತ್ರ ಹಿಂದಿನ ಲೀಫ್‌ನದ್ದು.

ಈಗ ಆ 3 ಇಂಚಿನ ವಿಷಯ. ಇದನ್ನ ಬಯ್ಯದೆ ಬಿಡಲ್ಲ. ಮಸ್ಟ್ಯಾಂಗ್‌ನಲ್ಲಿ ಆಕ್ಸಲ್ ಮೇಲೆ, ಸ್ಪ್ರಿಂಗ್ ಕೆಳಗೆ. ಬ್ಲಾಕ್ ಇಟ್ಟಾಗ ಬಾಡಿ ಇಳಿಯುತ್ತೆ ಸರಿ, ಜೊತೆಗೆ ಸ್ಪ್ರಿಂಗೂ ಅದರ ಕೆಳಗಿನ ಶಾಕ್ ಪ್ಲೇಟೂ ನೆಲಕ್ಕೆ ಅಷ್ಟೇ ಹತ್ತಿರ ಬರುತ್ತವೆ. ಲೆಕ್ಕ ಹಾಕಿ: ಆಕ್ಸಲ್ ನಡುವಿನಿಂದ ಟ್ಯೂಬಿನ ಅಂಚಿಗೆ ಸುಮಾರು 1.5 ಇಂಚು, ಪರ್ಚ್ (ಆಕ್ಸಲ್ ಕೆಳಗೆ ಸ್ಪ್ರಿಂಗ್ ಕೂರುವ ಪೀಠ) ಅರ್ಧ ಇಂಚು, ನಿಮ್ಮ ಬ್ಲಾಕು 3, ಪ್ಲೇಟುಗಳ ಕಟ್ಟು 1.25, ಶಾಕ್ ಪ್ಲೇಟ್, ನಟ್, ಚಾಚಿಕೊಂಡ ಯು-ಬೋಲ್ಟ್ ಬಾಲ ಸೇರಿ ಇನ್ನೊಂದು 1.25. ಒಟ್ಟು ಏಳೂವರೆ. 14 ಇಂಚಿನ ರಿಮ್ಮಿನ ಅಂಚು ನಡುವಿನಿಂದ ಇರೋದೂ ಹೆಚ್ಚುಕಮ್ಮಿ ಅಷ್ಟೇ. ಹಿಂದಿನ ಟೈರ್ ಹೈವೇ ಮೇಲೆ ಢಮಾರ್ ಅಂದ ದಿನ ಯು-ಬೋಲ್ಟಿನ ಬಾಲ ರಸ್ತೆ ಉಳುತ್ತೆ. ನಟ್ ಸವೆದುಹೋದರೆ ಆಕ್ಸಲ್ ಹಿಡಿದಿಡಲು ಅಲ್ಲಿ ಬೇರೇನೂ ಇಲ್ಲ. ರಿಮ್ಮಿನ ಅಂಚಿಗಿಂತ ಕೆಳಗೆ ಚಕ್ರ ಬಿಟ್ಟು ಏನೂ ಇರಬಾರದು. ಚಕ್ರದ ಮುಂದೆ ಮೊಣಕಾಲೂರಿ, ಮುಂದಿನ ರಿಮ್ಮಿನ ತಳದಿಂದ ಹಿಂದಿನ ರಿಮ್ಮಿನ ತಳಕ್ಕೆ ಒಂದು ದಾರ ಎಳೆದು ನೋಡಿ, ಕಣ್ಣಿಗೇ ಕಾಣುತ್ತೆ.

ಬ್ಲಾಕ್ ಮೇಲೆ ಬ್ಲಾಕ್ ಯಾವ ಕಾರಣಕ್ಕೂ ಇಲ್ಲ. ಪ್ಲೇಟುಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಮೊದಲ ಬ್ಲಾಕಿನ ತೂತಿಗೆ ಕೂರುತ್ತೆ, ಅದರ ಪಿನ್ ಎರಡನೆಯದಕ್ಕೆ, ಎರಡನೆಯದರ ಪಿನ್ ಪರ್ಚಿಗೆ. ಮೂರು ಕಡೆ ಸ್ವಲ್ಪ ಸ್ವಲ್ಪ ಆಟ ಸೇರಿದರೆ ಬ್ರೇಕ್ ಹೊಡೆದಾಗ ಆಕ್ಸಲ್ ಓರೆಯಾಗುತ್ತೆ. ಒಂದೇ ಒಂದು 1 ಇಂಚಿನ ಬ್ಲಾಕ್, ಸ್ಟೀಲು ಅಥವಾ ಗಟ್ಟಿ ಬಿಲ್ಲೆಟ್ ಅಲ್ಯೂಮಿನಿಯಂ, ಪಿನ್ ಪೂರ್ತಿ ಕೂರುವಂಥದ್ದು ಆದರೆ ನನ್ನ ತಕರಾರಿಲ್ಲ. ಎರಕದ ಅಲ್ಯೂಮಿನಿಯಂದು ಬೇಡ, ಬಿರುಕು ಬಿಡುತ್ತೆ. ಕುಪ್ಪಳಿಸುವುದಕ್ಕೂ ಬ್ಲಾಕೇ ಕಾರಣ. ಆಕ್ಸಲ್ ಸ್ಪ್ರಿಂಗ್‌ನಿಂದ ದೂರ ಹೋದಷ್ಟೂ ತಿರುಚುವ ಸನ್ನೆ ಉದ್ದ ಆಗುತ್ತೆ, ಲೀಫು ಇಂಗ್ಲಿಷಿನ ಎಸ್ ಅಕ್ಷರದ ಥರ ಸುತ್ತಿಕೊಂಡು ಬಿಟ್ಟುಕೊಂಡು ಮತ್ತೆ ಸುತ್ತಿಕೊಳ್ಳುತ್ತೆ. ಗುಂಪಲ್ಲಿ 67ರ ಷೆವರ್ಲೆ ಕ್ಯಾಮರೋ ಇರುವವರೂ ಕೇಳಿಸಿಕೊಳ್ಳಿ. ಅದರದ್ದು ಒಂಟಿ ಪ್ಲೇಟಿನ ಲೀಫು, ಬ್ಲಾಕ್ ಇಲ್ಲದೆಯೇ ಕುಣಿಯುತ್ತೆ, ಅದಕ್ಕೇ 68ರಲ್ಲಿ ಷೆವರ್ಲೆಯವರು ಶಾಕ್‌ಗಳನ್ನು ಆಕ್ಸಲ್‌ಗೆ ಒಂದು ಮುಂದೆ ಒಂದು ಹಿಂದೆ ಮಾಡಿದ್ದು.

ಹಾಗಾದರೆ ಇಳಿಸೋದು ಹೇಗೆ? ಮಿಡ್-ಐ ಲೀಫ್. ಮುಂದಿನ ಕಣ್ಣು ಮೇನ್ ಲೀಫ್‌ನ ಸಾಲಿಗೇ ಇರುತ್ತೆ, ಸುಮಾರು 1 ಇಂಚು ಇಳಿಯುತ್ತೆ, ಸ್ಪ್ರಿಂಗ್‌ನ ಬಲ ಕಡಿಮೆ ಆಗಲ್ಲ. ಕಣ್ಣು ಉಲ್ಟಾ ಸುತ್ತಿದ ರಿವರ್ಸ್-ಐ ಒಂದೂವರೆ ಇಂಚಿನ ಆಸುಪಾಸು, ಆದರೆ ಅಲ್ಲಿಂದ ಬಂಪ್ ಸ್ಟಾಪ್ (ಆಕ್ಸಲ್ ಬಾಡಿಗೆ ಬಡಿಯದಂತೆ ತಡೆಯುವ ರಬ್ಬರ್), ಎಕ್ಸಾಸ್ಟ್ ಎಲ್ಲಾ ತಲೆನೋವು ಶುರು. ಬೀದಿ ಗಾಡಿಗೆ 1 ಇಂಚು ಸಾಕು ಸರ್. ನಾಲ್ಕು ಪ್ಲೇಟಿಂದೇ ತಗೊಳ್ಳಿ. ಐದು ಪ್ಲೇಟು 302 ಕೂಪೆಗೆ ಯಾಕೆ? ಡಿಕ್ಕಿಯಲ್ಲಿ ಅಕ್ಕಿ ಮೂಟೆ ಸಾಗಿಸ್ತೀರಾ? ಕ್ಯಾಟಲಾಗ್‌ನ ಅಗ್ಗದ ಸ್ಪ್ರಿಂಗ್‌ಗಳಲ್ಲಿ ಕಮಾನು ಯಾವಾಗಲೂ ಜಾಸ್ತಿ. ಈಟನ್ ಡೆಟ್ರಾಯ್ಟ್ ಸ್ಪ್ರಿಂಗ್‌ನವರಿಗೆ ಫೋನ್ ಮಾಡಿ ವರ್ಷ, ಮಾಡೆಲ್, ಇಂಜಿನ್, ಎಷ್ಟು ಇಳಿಯಬೇಕು ಹೇಳಿದರೆ ಸರಿಯಾದದ್ದು ಮಾಡಿಕೊಡ್ತಾರೆ, ದುಡ್ಡು ಜಾಸ್ತಿ, ಒಪ್ಪಿದೆ.

ಇರೋ ಸ್ಪ್ರಿಂಗ್‌ನ ಕಮಾನನ್ನೇ ಇಳಿಸಬಹುದು. ನಮ್ಮೂರಲ್ಲಿ ಲಾರಿ ಪ್ಲೇಟುಗಳನ್ನು ಬಡಿದು ಕಮಾನು ಏರಿಸ್ತಾರಲ್ಲ, ಅದರ ಉಲ್ಟಾ. ತಣ್ಣಗೇ ಪ್ರೆಸ್‌ನಲ್ಲಿ, ಒಂದೊಂದು ಪ್ಲೇಟು ಬಿಚ್ಚಿ, ಸ್ವಲ್ಪ ಸ್ವಲ್ಪವಾಗಿ ಒತ್ತುವ ಸ್ಪ್ರಿಂಗ್ ಶಾಪ್ ಸಿಕ್ಕರೆ ಮಾತ್ರ. ಬೆಂಕಿ ಹಿಡಿದರೆ ಹದ ಹೋಯಿತು, ಆರು ತಿಂಗಳಲ್ಲಿ ಸ್ಪ್ರಿಂಗ್ ಮಲಗುತ್ತೆ. ಷೆವರ್ಲೆ ಶೆವೆಲ್ ಇಟ್ಟುಕೊಂಡಿರುವವರು ಕಾಯಿಲ್‌ಗೆ ಗ್ಯಾಸ್ ಟಾರ್ಚ್ ಹಿಡಿದು ಇಳಿಸೋದಕ್ಕೂ ಇದೇ ಉತ್ತರ. ಇನ್ನೊಂದು, ಸೆಂಟರ್ ಬೋಲ್ಟ್ ಬಿಚ್ಚುವಾಗ ಎರಡೂ ಕಡೆ ಸಿ-ಕ್ಲ್ಯಾಂಪ್ ಹಾಕದೆ ಬಿಚ್ಚಬೇಡಿ, ಮುಖ ಉಳಿಯಲ್ಲ. ಕಟ್ಟುವಾಗ ಮುಂದಿನ ಅರ್ಧದ ಕ್ಲಿಪ್‌ಗಳು ಬಿಗಿ ಇರಲಿ, ಹಿಂದಿನವು ಪ್ಲೇಟು ಜಾರುವಷ್ಟು ಸಡಿಲ. ಕುಪ್ಪಳಿಸೋದು ಅದರಿಂದಲೂ ಕಡಿಮೆ ಆಗುತ್ತೆ.

ನಡುಕಕ್ಕೆ ಬರೋಣ. ಪಿನಿಯನ್ ಕೋನ, ಅಂದರೆ ಇಂಜಿನ್ ಶಕ್ತಿ ತರುವ ಡ್ರೈವ್ ಶಾಫ್ಟ್ ಆಕ್ಸಲ್‌ಗೆ ಸೇರುವ ಮೂಗಿನ ಓರೆ. ಡಿಜಿಟಲ್ ಮಟ್ಟಗೋಲು, ಗಾಡಿ ಚಕ್ರದ ಮೇಲೆ. ಮುಂದೆ ಇಂಜಿನ್ ಬ್ಯಾಲೆನ್ಸರ್ (ಇಂಜಿನ್ ಮುಂತುದಿಯ ಚಕ್ರ) ಮುಖದ ಮೇಲೊಂದು, ಹಿಂದೆ ಪಿನಿಯನ್ ಯೋಕ್ (ಶಾಫ್ಟ್ ಹಿಡಿಯುವ ಕವೆ) ಮುಖದ ಮೇಲೊಂದು. ಇಂಜಿನ್ ಹಿಂದಕ್ಕೆ 3 ಡಿಗ್ರಿ ಇಳಿದಿದ್ದರೆ ಪಿನಿಯನ್ ಮೂಗು 1ರಿಂದ 2 ಡಿಗ್ರಿ ಮೇಲಕ್ಕೆ ನೋಡುತ್ತಿರಲಿ. ಪೂರ್ತಿ 3 ಬೇಡ, ಒತ್ತಿದಾಗ ಲೀಫ್ ಸುತ್ತಿಕೊಂಡು ಮೂಗು ತಾನಾಗೇ ಏರುತ್ತೆ. ನಿಮ್ಮದರಲ್ಲಿ ಬ್ಲಾಕಿನಿಂದ ಆಕ್ಸಲ್ ಬಾಡಿ ಕಡೆ 3 ಇಂಚು ಏರಿದೆ, ಡ್ರೈವ್ ಶಾಫ್ಟ್ ಕೋನ ಪೂರ್ತಿ ಬದಲಾಗಿದೆ. ಸರಿಪಡಿಸಲು ಸ್ಪ್ರಿಂಗ್‌ಗೂ ಪರ್ಚಿಗೂ ನಡುವೆ ಸ್ಟೀಲಿನ ಬೆಣೆ, 2 ಡಿಗ್ರಿದು. ದಪ್ಪ ತುದಿ ಮುಂದಕ್ಕೆ ಇಟ್ಟರೆ ಮೂಗು ಏರುತ್ತೆ, ಹಿಂದಕ್ಕೆ ಇಟ್ಟರೆ ಇಳಿಯುತ್ತೆ. ಉಲ್ಟಾ ಇಟ್ಟು ಯು-ಜಾಯಿಂಟ್ (ಶಾಫ್ಟಿನ ಕೀಲು) ತಿಂದುಕೊಂಡವರು ಬಹಳ. ಹಾಗೇ ಗೇರ್‌ಬಾಕ್ಸಿನೊಳಗೆ ಜಾರುವ ಸ್ಲಿಪ್ ಯೋಕ್ ಪೂರ್ತಿ ಒಳಗೆ ತಾಗೋ ಮುಂಚೆ ಮುಕ್ಕಾಲು ಇಂಚಿಂದ 1 ಇಂಚು ಜಾಗ ಉಳಿದಿದೆಯಾ ನೋಡಿ.

ದಢಾರ್ ಅನ್ನೋದು ಬಂಪ್ ಸ್ಟಾಪ್. ನಾಲ್ಕು ಜನ ಕೂತಾಗಲೂ ಆಕ್ಸಲ್‌ಗೂ ಅದಕ್ಕೂ 2 ಇಂಚು ಉಳಿಯಬೇಕು. ಕಿತ್ತೆಸೆಯಬೇಡಿ, ಗಿಡ್ಡದ್ದು ಹಾಕಿ. ಟೈಲ್ ಪೈಪ್ ಆಕ್ಸಲ್ ಮೇಲಿಂದ ಬಾಗಿ ಹೋಗುವ ಜಾಗ, ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಇವೂ ನೋಡಿ. ಶ್ಯಾಕಲ್ ಹಿಂದಕ್ಕೆ ವಾಲಿ ಫ್ರೇಮ್ ರೈಲಿಗೆ ಮುಟ್ಟುವಂತಿದ್ದರೆ ಅಲ್ಲಿಗೆ ನಿಲ್ಲಿಸಿ, ಇನ್ನು ಇಳಿಸಬೇಡಿ.

ಶಾಕ್ ಕೇಳಿದ್ದಿರಿ, ಅದನ್ನೂ ಹೇಳಿಬಿಡ್ತೀನಿ. ಗಾಡಿ ನಿಂತಾಗ ಶಾಕ್ ತನ್ನ ಓಟದ ನಡುವಿನ ಆಸುಪಾಸು ಇರಬೇಕು. ಪೂರ್ತಿ ಕುಗ್ಗಿ ಕೂತಿದ್ದರೆ ಯಾವ ಬ್ರಾಂಡ್ ಆದರೂ ಒಡೆಯುತ್ತೆ. ಬಿಲ್‌ಸ್ಟೈನ್ ಅಥವಾ ಕೋನಿ ಹಾಕಿ, ಮಸ್ಟ್ಯಾಂಗ್‌ನದೇ ವೇಗದ ಮಾದರಿಯಾದ 65ರ ಶೆಲ್ಬಿ ಜಿಟಿ350ಗೆ ಕೋನಿಯನ್ನೇ ಹಾಕಿದ್ದರು. ಕೆವೈಬಿ ಕಂಪನಿಯ ಗ್ಯಾಸ್-ಎ-ಜಸ್ಟ್ ಶಾಕ್ ಈ ಹಗುರ ಹಿಂಬದಿಗೆ ತೀರಾ ಗಡುಸು, ಅದರ ಗ್ಯಾಸ್ ಒತ್ತಡಕ್ಕೇ ಗಾಡಿ ಸ್ವಲ್ಪ ಏರುತ್ತೆ, ಬೇಕಾಗಿಲ್ಲ. ತಳ ಬಡಿಯೋದಕ್ಕೆ ಗಾಳಿ ತುಂಬಿ ಗಾಡಿ ಎತ್ತುವ ಏರ್ ಶಾಕ್ ಹಾಕಿ ಅಂತ ಗುಂಪಲ್ಲಿ ಕೆಳಗೊಬ್ಬರು ಬರೆದಿದ್ದಾರೆ, ದಯವಿಟ್ಟು ಬೇಡ. ಶಾಕ್‌ನ ಮೇಲಿನ ತುದಿ ಹಿಡಿದಿರೋದು ತೆಳು ತಗಡು, ಗಾಡಿ ಹೊರೋಕೆ ಮಾಡಿದ್ದಲ್ಲ, ಹರಿದುಕೊಂಡು ಡಿಕ್ಕಿಯೊಳಗೆ ಬರುತ್ತೆ. ಪಾಲಿಯುರಿಥೇನ್ ಬುಷ್ ಹಾಕಿದರೆ ಬಿಗಿಯುವ ಕೋನದ ಗೊಡವೆ ಇಲ್ಲ ನಿಜ, ಆದರೆ ಗ್ರೀಸ್ ತಪ್ಪಿದರೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತೆ. ಮುಂದಿನ ಕಣ್ಣಿಗೆ ನಾನಂತೂ ರಬ್ಬರೇ ಅಂತೀನಿ.

ಕೊನೆಗೆ ಮುಂದಿನ ಕಣ್ಣಿನ ಬೋಲ್ಟಿನಿಂದ ಆಕ್ಸಲ್ ಟ್ಯೂಬಿಗೆ ಎರಡೂ ಕಡೆ ಟೇಪ್ ಹಿಡೀರಿ, ಎಂಟನೇ ಒಂದು ಇಂಚಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಯು-ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿದು, 100 ಮೈಲಿ ಓಡಿಸಿ ಮತ್ತೆ ಬಿಗೀರಿ. ಹೆಡ್‌ಲೈಟ್ ಕೋನವೂ ಬದಲಾಗಿರುತ್ತೆ.

ಸದ್ಯ ಸ್ಪ್ರಿಂಗ್ ಆರ್ಡರ್ ಮಾಡಬೇಡಿ. ಬ್ಲಾಕ್ ತೆಗೆದ ಮೇಲೆ, ಬೋಲ್ಟ್ ಸಡಿಲಿಸುವ ಮುಂಚೆ ಒಂದು ಅಳತೆ, ಚಕ್ರದ ಮೇಲೆ ಬಿಗಿದ ಮೇಲೆ ಇನ್ನೊಂದು, ಎಡ ಬಲ ಎರಡೂ ಇಲ್ಲೇ ಹಾಕಿ. ಜೊತೆಗೆ ಇಂಜಿನ್, ಪಿನಿಯನ್ ಕೋನ. ಅದನ್ನು ನೋಡಿ ಮಿಡ್-ಐ ಬೇಕಾ, ಇರೋದರಲ್ಲಿ ಒಂದು ಪ್ಲೇಟು ತೆಗೆದರೆ ಸಾಕಾ ಹೇಳ್ತೀನಿ. ಅಲ್ಲಿವರೆಗೂ ಆ ಬ್ಲಾಕ್ ಇಟ್ಟುಕೊಂಡು ಹೈವೇಗೆ ಹೋಗಬೇಡಿ.