ಶಕ್ತಿ ಜಾಸ್ತಿ ಮಾಡಬೇಕೋ, ಕಮ್ಮಿ ಮಾಡಬೇಕೋ?

ಉರಿಯೂತಕ್ಕೂ ಕ್ಯಾನ್ಸರ್‌ಗೂ ಇರುವ ನಂಟಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಒಂದು ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿ ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಹೀಗಿದೆ:

"ಅಪ್ಪನಿಗೆ 62 ವರ್ಷ. ಜ್ವರ ಅಂತ ಮಲಗಿದವರೇ ಅಲ್ಲ, ಹೋದ ಮಳೆಗಾಲದವರೆಗೂ ತೋಟದಲ್ಲಿ ಆಳುಗಳ ಜೊತೆ ಸಮಸಮ ಕೆಲಸ ಮಾಡುತ್ತಿದ್ದರು. ಕೆನ್ನೆ ಒಳಗೆ ಹುಣ್ಣಾಯಿತು, ಕುತ್ತಿಗೆಯಲ್ಲಿ ಒಂದು ಗಂಟೂ ಕೈಗೆ ಸಿಗುತ್ತಿತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಮೂರು ವಾರಕ್ಕೆ ಆಪರೇಷನ್ ಆಯಿತು, ಕುತ್ತಿಗೆಯ ಗಂಟುಗಳನ್ನೂ ತೆಗೆದರು. ಈಗ ರೇಡಿಯೇಷನ್ ನಡೆಯುತ್ತಿದೆ. ನೋಡಲು ಬಂದವರೆಲ್ಲ, ಚುಚ್ಚಿಸಿದ್ದಕ್ಕೇ ಹರಡಿದ್ದು ಅನ್ನುತ್ತಾರೆ. ಹೋಗುವಾಗ ಶಕ್ತಿ ಬರಲು ಇಂಥಿಂಥ ಕಷಾಯ ಕೊಡಿ ಅಂತಾರೆ. ಉರಿಯೂತ ಅಂದರೆ ನಮ್ಮ ರೋಗನಿರೋಧಕ ಶಕ್ತಿಯದ್ದೇ ಕೆಲಸ ಅಂತ ನೀವು ಬರೆದಿರಿ. ಅದೇ ಕ್ಯಾನ್ಸರ್ ಹರಡಲು ದಾರಿ ಮಾಡಿಕೊಡುತ್ತದೆ ಅಂತಲೂ ಬರೆದಿರಿ. ಹಾಗಾದರೆ ಅಪ್ಪನಿಗೆ ಆ ಶಕ್ತಿ ಜಾಸ್ತಿ ಮಾಡಬೇಕೋ, ಕಮ್ಮಿ ಮಾಡಬೇಕೋ?"

ಸಂಪಾದಕರ ಉತ್ತರ:

ಮೊದಲು ನಿಮ್ಮ ಮನೆಯವರ ನಿದ್ದೆ ಕೆಡಿಸಿರುವ ಮಾತನ್ನು ಇತ್ಯರ್ಥ ಮಾಡಿಬಿಡೋಣ. ಬಯಾಪ್ಸಿ ಮಾಡಿಸಿದ್ದಕ್ಕೆ ನಿಮ್ಮ ತಂದೆಯ ಕ್ಯಾನ್ಸರ್ ಹರಡಲಿಲ್ಲ. ಬಯಾಪ್ಸಿಗೆ ಮುಂಚೆಯೇ ಕುತ್ತಿಗೆಯ ಗಂಟು ಕೈಗೆ ಸಿಗುತ್ತಿತ್ತು ಅಂತ ನೀವೇ ಬರೆದಿದ್ದೀರಿ. ಅಂದರೆ ಡಾಕ್ಟರ್ ಕೈ ಇಡುವ ಎಷ್ಟೋ ಮೊದಲೇ ಕೆನ್ನೆಯಿಂದ ಹೊರಟ ಕೋಶಗಳು ಅಲ್ಲಿ ನೆಲೆ ಊರಿದ್ದವು. ತುಣುಕು ತೆಗೆದು ನೋಡದೆ ಇದು ಎಂಥ ಗಡ್ಡೆ ಅಂತ ಗೊತ್ತಾಗಲ್ಲ, ಗೊತ್ತಾಗದೆ ಯಾರೂ ಚಿಕಿತ್ಸೆ ಶುರು ಮಾಡಲ್ಲ. "ಚುಚ್ಚಿಸಬೇಡಿ" ಅನ್ನುವ ಮಾತು ಕೇಳಿ ತಿಂಗಳುಗಟ್ಟಲೆ ಸೊಪ್ಪು, ಎಣ್ಣೆ ಅಂತ ಕಳೆದು, ಗಂಜಿ ನುಂಗಲೂ ಆಗದ ಸ್ಥಿತಿಯಲ್ಲಿ ಆಸ್ಪತ್ರೆಗೆ ಹೋಗುವವರು ನಮ್ಮ ಸುತ್ತಮುತ್ತ ಈಗಲೂ ಇದ್ದಾರೆ. ನನಗೆ ಇದಕ್ಕಿಂತ ಸಂಕಟ ತರುವ ವಿಷಯ ಬೇರೆ ಇಲ್ಲ. ನೀವು ಮೂರು ವಾರದಲ್ಲಿ ಆಪರೇಷನ್ ಮಾಡಿಸಿದಿರಿ. ಒಳ್ಳೇ ಕೆಲಸ ಮಾಡಿದಿರಿ.

ಕೆನ್ನೆಯ ಹುಣ್ಣಿಗೆ ಕುತ್ತಿಗೆ ಏಕೆ ಕೊಯ್ದರು ಅಂತಲೂ ಯಾರೋ ಕೇಳಿದರಂತೆ. ಬಾಯಿ ಕ್ಯಾನ್ಸರ್ ಹೊರಟರೆ ಮೊದಲು ತಲುಪುವುದು ಕುತ್ತಿಗೆಯ ದುಗ್ಧರಸ ಗ್ರಂಥಿಗಳಿಗೆ. ಗಂಟು ಕೈಗೆ ಸಿಗದ, ಶುರುವಿನ ಹಂತದ ರೋಗಿಗಳಲ್ಲೂ ಮೊದಲೇ ಅವನ್ನು ತೆಗೆದುಬಿಡುವುದು ಒಳ್ಳೆಯದಾ, ಆಮೇಲೆ ಬಂದರೆ ನೋಡೋಣ ಅಂತ ಕಾಯುವುದು ಒಳ್ಳೆಯದಾ ಅನ್ನುವ ಚರ್ಚೆ ಬಹಳ ಕಾಲದಿಂದ ಇತ್ತು. ಅದಕ್ಕೆ ಉತ್ತರ ಕೊಟ್ಟಿದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು, 2015ರಲ್ಲಿ. ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷದ ನಂತರ ಶೇ. 80 ಮಂದಿ ಬದುಕಿದ್ದರು, ಕಾದವರಲ್ಲಿ ಶೇ. 67.5. ನಿಮ್ಮ ತಂದೆಗಂತೂ ಗಂಟೇ ಇತ್ತು. ತೆಗೆಯದೆ ಬಿಡುವ ಪ್ರಶ್ನೆಯೇ ಬರುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ.

ತೋಟದಲ್ಲಿ ಕಾಲಿಗೆ ಮುಳ್ಳು ಚುಚ್ಚುತ್ತದೆ. ಸಂಜೆಯೊಳಗೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ಮಿಡಿಯಲು ಶುರುವಾಗುತ್ತದೆ. ರಕ್ತನಾಳಗಳು ಅಲ್ಲಿ ಸ್ವಲ್ಪ ಸಡಿಲವಾಗಿ ಬಿಳಿ ರಕ್ತಕಣಗಳನ್ನು ಹೊರಗೆ ಬಿಡುತ್ತವೆ. ಅವು ಕೀಟಾಣು ತಿನ್ನುತ್ತವೆ, ಸತ್ತದ್ದನ್ನು ಬಾಚುತ್ತವೆ. ಆಮೇಲೆ ಅದೇ ಗುಂಪಿನ ಕೆಲವು ಕಣಗಳು ಹೊಸ ರಕ್ತನಾಳ ಬೆಳೆಸಿ, ಹೊಸ ಚರ್ಮ ಬರುವಂತೆ ಸೂಚನೆ ಕೊಡುತ್ತವೆ. ಕೆಲಸ ಮುಗಿದ ಮೇಲೆ ಎಲ್ಲ ತಣ್ಣಗಾಗುತ್ತದೆ. ಇದು ಆರೋಗ್ಯವಂತ ಉರಿಯೂತ. ಇದಿಲ್ಲದೆ ನಾವ್ಯಾರೂ ಒಂದು ಮಳೆಗಾಲ ದಾಟುತ್ತಿರಲಿಲ್ಲ.

ತೊಂದರೆ ಬರುವುದು ಅದು ತಣ್ಣಗಾಗದೇ ಇದ್ದಾಗ. 1863ರಲ್ಲೇ ಜರ್ಮನಿಯ ರುಡಾಲ್ಫ್ ವಿರ್ಕೋ ಗಡ್ಡೆಗಳ ಒಳಗೆ ಬಿಳಿ ರಕ್ತಕಣಗಳನ್ನು ಕಂಡು, ಬಹಳ ದಿನ ಕೆರಳಿದ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ ಅಂತ ಊಹಿಸಿದ್ದರು. 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್, ಗಡ್ಡೆ ಅಂದರೆ ಮಾಯದ ಗಾಯ ಅಂತ ಬರೆದರು. ಗಾಯ ಮಾಯಿಸಲು ದೇಹ ಏನೇನು ಕಳಿಸುತ್ತದೋ, ಹೊಸ ರಕ್ತನಾಳ, ಬೆಳೆಯಿರಿ ಅನ್ನುವ ರಾಸಾಯನಿಕ, ದಾರಿ ಬಿಡಿಸುವ ಕಿಣ್ವ, ಅದನ್ನೆಲ್ಲ ಗಡ್ಡೆ ತನಗೆ ತರಿಸಿಕೊಳ್ಳುತ್ತದೆ, ಮತ್ತೆ ಮತ್ತೆ ತರಿಸಿಕೊಳ್ಳುತ್ತಲೇ ಇರುತ್ತದೆ.

ಇದರಲ್ಲಿ ಮ್ಯಾಕ್ರೋಫೇಜ್ ಅನ್ನುವ ಬಿಳಿ ಕಣದ ಪಾತ್ರ ದೊಡ್ಡದು. ಮುಳ್ಳು ಚುಚ್ಚಿದಾಗ ಕೀಟಾಣು ನುಂಗುವುದು, ಆಮೇಲೆ ರಿಪೇರಿ ಮಾಡಿಸುವುದು ಎರಡೂ ಅದರದ್ದೇ ಕೆಲಸ. ಗಡ್ಡೆಯೊಳಗೆ ಬಂದದ್ದು ರಿಪೇರಿ ಕೆಲಸದಲ್ಲೇ ಉಳಿದುಬಿಡುತ್ತದೆ. 2015ರಲ್ಲಿ ವಿಜ್ಞಾನಿಗಳು ಬದುಕಿರುವ ಇಲಿಯ ಸ್ತನದ ಗಡ್ಡೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ ಕೂತಿದ್ದರು. ರಕ್ತನಾಳದ ಗೋಡೆಗೆ ಒಂದು ಮ್ಯಾಕ್ರೋಫೇಜ್ ಅಂಟಿಕೊಂಡಿದೆ, ಅದರ ಪಕ್ಕಕ್ಕೇ ಒಂದು ಕ್ಯಾನ್ಸರ್ ಕೋಶ. ಮ್ಯಾಕ್ರೋಫೇಜ್ ಒಂದು ರಾಸಾಯನಿಕ ಬಿಡುತ್ತದೆ, ಗೋಡೆ ಸ್ವಲ್ಪ ಹೊತ್ತು ಸಡಿಲವಾಗುತ್ತದೆ, ಆ ಸಂದಿಯಲ್ಲಿ ಕ್ಯಾನ್ಸರ್ ಕೋಶ ರಕ್ತದೊಳಗೆ ನುಸುಳುತ್ತದೆ, ಗೋಡೆ ಮತ್ತೆ ಮುಚ್ಚಿಕೊಳ್ಳುತ್ತದೆ. ದೇಹವನ್ನು ಕಾಯಬೇಕಾದ ಕಣವೇ ಬಾಗಿಲು ತೆಗೆದದ್ದನ್ನು ಅವರು ಕಣ್ಣಾರೆ ಕಂಡರು.

ಆದರೆ ರಕ್ತಕ್ಕೆ ಇಳಿದದ್ದೆಲ್ಲ ಬದುಕುವುದಿಲ್ಲ. ಇಲ್ಲಿ ರೋಗನಿರೋಧಕ ಶಕ್ತಿಯ ಒಳ್ಳೇ ಕೆಲಸ ಕಾಣುತ್ತದೆ. ಎನ್‌ಕೆ ಕಣಗಳು ಅಂತ ಇವೆ, ಅಪರಿಚಿತ ಕೋಶ ಸಿಕ್ಕಿದರೆ ಅಲ್ಲೇ ಕೊಲ್ಲುತ್ತವೆ. ಇಲಿಗಳ ಪ್ರಯೋಗದಲ್ಲಿ ರಕ್ತಕ್ಕೆ ಬಿಟ್ಟ ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲು ಒಂದು ದಿನ ದಾಟಿ ಉಳಿಯಲಿಲ್ಲ. ಉಳಿಯುವ ಕೋಶಗಳು ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಮೈಗೆ ಅಂಟಿಸಿಕೊಂಡು ಎನ್‌ಕೆ ಕಣಗಳ ಕಣ್ಣು ತಪ್ಪಿಸುತ್ತವೆ.

ಉಳಿದವು ಎಲ್ಲಿ ಇಳಿಯುತ್ತವೆ? 1889ರಲ್ಲಿ ಲಂಡನ್‌ನ ಸ್ಟೀಫನ್ ಪೇಜೆಟ್ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಂದಿಯ ದಾಖಲೆ ತೆಗೆದು ನೋಡಿದರು. ಲಿವರ್‌ಗೂ ಗುಲ್ಮಕ್ಕೂ (ಸ್ಪ್ಲೀನ್) ರಕ್ತ ಹೋಗುತ್ತದೆ, ಆದರೆ ಕ್ಯಾನ್ಸರ್ ಲಿವರ್‌ನಲ್ಲಿ ತುಂಬಾ ಜಾಸ್ತಿ, ಗುಲ್ಮದಲ್ಲಿ ತೀರಾ ಅಪರೂಪ. ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಏಳುತ್ತದೆ ಅಂದರು ಅವರು. ಅಡಿಕೆ ಸಸಿ ನೆಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಪೇಜೆಟ್‌ಗೆ ತಿಳಿಯದಿದ್ದ ಇನ್ನೊಂದು ಸಂಗತಿ 2005ರಲ್ಲಿ ಇಲಿಗಳಲ್ಲಿ ಕಂಡಿತು. ಕ್ಯಾನ್ಸರ್ ಕೋಶ ಬರುವ ಮೊದಲೇ, ಎಲುಬಿನ ಮಜ್ಜೆಯಿಂದ ಹೊರಟ ಕೆಲವು ಕೋಶಗಳು ಶ್ವಾಸಕೋಶಕ್ಕೆ ಹೋಗಿ ಆ ಮಣ್ಣನ್ನು ಹದ ಮಾಡಿಟ್ಟಿರುತ್ತವೆ. ಹಾಗೆ ಮಾಡಿ ಅಂತ ಸೂಚನೆ ಕಳಿಸಿದ್ದು ದೂರದಲ್ಲಿರುವ ಗಡ್ಡೆ.

ನನ್ನನ್ನು ಬಹಳ ಕಾಡಿದ್ದು 2018ರ ಒಂದು ಅಧ್ಯಯನ. ಚಿಕಿತ್ಸೆ ಮುಗಿದು ಎಲ್ಲ ಸರಿಯಾಯಿತು ಅಂದುಕೊಂಡ ಮೇಲೂ ಕೆಲವು ಕ್ಯಾನ್ಸರ್ ಕೋಶಗಳು ಬೇರೆ ಅಂಗಗಳಲ್ಲಿ ಬೆಳೆಯದೆ, ಸಾಯದೆ ಸುಮ್ನೆ ಮಲಗಿರಬಹುದು, ವರ್ಷಗಟ್ಟಲೆ. ಶ್ವಾಸಕೋಶದಲ್ಲಿ ಹಾಗೆ ಮಲಗಿದ ಕೋಶಗಳಿರುವ ಇಲಿಗಳಿಗೆ ನ್ಯೂಯಾರ್ಕ್‌ನ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದವರು ತಂಬಾಕಿನ ಹೊಗೆ ಕೊಟ್ಟರು. ಶ್ವಾಸಕೋಶ ಕೆರಳಿತು. ಕೀಟಾಣು ಹಿಡಿಯಲು ಇರುವ ನ್ಯೂಟ್ರೋಫಿಲ್ ಕಣಗಳು ಓಡಿಬಂದು, ತಮ್ಮ ಹೊಟ್ಟೆಯೊಳಗಿನ ಡಿಎನ್‌ಎ ಎಳೆಗಳನ್ನೇ ಬಲೆಯಾಗಿ ಹೊರಗೆ ಎಸೆದವು. ಆ ಬಲೆಗೆ ಅಂಟಿಕೊಂಡಿದ್ದ ಕಿಣ್ವಗಳು ಸುತ್ತಲಿದ್ದ ಲ್ಯಾಮಿನಿನ್ ಅನ್ನುವ ಪ್ರೋಟೀನನ್ನು ಕತ್ತರಿಸಿದವು, ಕತ್ತರಿಸಿದ ತುದಿ ತಾಗಿ ಮಲಗಿದ್ದ ಕ್ಯಾನ್ಸರ್ ಕೋಶ ಎದ್ದು ಮತ್ತೆ ಬೆಳೆಯತೊಡಗಿತು. ಇಲಿಗಳಲ್ಲಿ ಕಂಡದ್ದು, ನಿಜ. ಆದರೂ ಚಿಕಿತ್ಸೆ ಮುಗಿದ ಮೇಲೆ "ಒಂದೇ ಒಂದು ಬೀಡಿ" ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಆಪರೇಷನ್ ಗಾಯದ ಉರಿಯೂತವೂ ದೂರದಲ್ಲಿ ಮಲಗಿದ್ದ ಕೋಶಗಳನ್ನು ಬೆಳೆಯಲು ಬಿಡಬಹುದು ಅಂತ ಅದೇ ವರ್ಷ ಇಲಿಗಳ ಇನ್ನೊಂದು ಅಧ್ಯಯನ ತೋರಿಸಿತು. ನಿಮ್ಮ ಮನೆಗೆ ಬರುವವರ ಮಾತಿಗೆ ಎಲ್ಲೋ ಒಂದು ಎಳೆ ಆಧಾರ ಇದೆ ಅಂತ ನೀವು ಹೆದರಬೇಡಿ. ಆ ಇಲಿಗಳಿಗೆ ಆಪರೇಷನ್ ಹೊತ್ತಿನಲ್ಲಿ ಉರಿಯೂತ ಇಳಿಸುವ ಔಷಧಿ ಕೊಟ್ಟಾಗ ಆ ಬೆಳವಣಿಗೆ ತಗ್ಗಿತು. ಇದರಿಂದ ಆಪರೇಷನ್ ಹೊತ್ತಿನ ಔಷಧಿ ಸುಧಾರಿಸಬಹುದು. ಬಾಯಲ್ಲಿ ಗಡ್ಡೆ ಇಟ್ಟುಕೊಂಡು ಕೂತರೆ ಅದು ಬೆಳೆಯುವುದು, ಹರಡುವುದು ಖಂಡಿತ.

ಹಾಗಾದರೆ ಜಾಸ್ತಿಯಾ, ಕಮ್ಮಿಯಾ? ಎರಡೂ ಬೇಕು, ಬೇರೆ ಬೇರೆ ಕಡೆ. ಗಡ್ಡೆಗೆ ನೆರವಾಗುವ ಉರಿಯೂತ ತಗ್ಗಬೇಕು, ಗಡ್ಡೆಯನ್ನು ಗುರುತಿಸಿ ಕೊಲ್ಲುವ ಟಿ ಕಣಗಳು ಅನ್ನುವ ಬಿಳಿ ರಕ್ತಕಣಗಳು ಚುರುಕಾಗಬೇಕು. ಟಿ ಕಣಗಳಿಗೆ ಹುಟ್ಟಿನಿಂದಲೇ ಬ್ರೇಕ್ ಇದೆ, ಇಲ್ಲದಿದ್ದರೆ ಅವು ನಮ್ಮ ಮೈಯನ್ನೇ ತಿಂದುಹಾಕುತ್ತವೆ. ಕ್ಯಾನ್ಸರ್ ಆ ಬ್ರೇಕನ್ನು ಒತ್ತಿ ಹಿಡಿಯುತ್ತದೆ. ಬ್ರೇಕ್ ಬಿಡಿಸುವ ದಾರಿ ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೋ ಅವರಿಗೆ 2018ರಲ್ಲಿ ನೊಬೆಲ್ ಬಂತು. ಆ ಔಷಧಿಗಳಿಗೇ ಇಮ್ಯುನೋಥೆರಪಿ ಅನ್ನುವುದು. ಬೆಲೆ ಮಾತ್ರ ನಮ್ಮಂಥವರು ಮುಟ್ಟುವಂತಿಲ್ಲ. ಅದಕ್ಕೇ ಟಾಟಾ ಮೆಮೋರಿಯಲ್‌ನವರ 2022ರ ಫಲಿತಾಂಶ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಆಪರೇಷನ್ ಮಾಡಲಾಗದಷ್ಟು ಮುಂದುವರಿದ ಬಾಯಿ, ಗಂಟಲ ಕ್ಯಾನ್ಸರ್ ರೋಗಿಗಳಿಗೆ ಕಡಿಮೆ ಪ್ರಮಾಣದ ಮೂರು ಮಾತ್ರೆಗಳ ಚಿಕಿತ್ಸೆ ಇತ್ತು. ಆ ಮೂರರಲ್ಲಿ ಒಂದು ಸೆಲೆಕಾಕ್ಸಿಬ್, ಉರಿಯೂತ ಇಳಿಸುವ ಮಾತ್ರೆ. ಅದರ ಜೊತೆಗೆ ಬ್ರೇಕ್ ಬಿಡಿಸುವ ನಿವೊಲುಮಾಬ್ ಔಷಧಿಯನ್ನು ಬರೀ 20 ಮಿಲಿಗ್ರಾಂ, ಅಂದರೆ ಮಾಮೂಲಿಗಿಂತ ಎಷ್ಟೋ ಕಮ್ಮಿ ಕೊಟ್ಟರು. ಒಂದು ವರ್ಷ ಬದುಕಿದವರು ಶೇ. 16.3ರಿಂದ ಶೇ. 43.4ಕ್ಕೆ ಏರಿದರು. ನಿಮ್ಮ ತಂದೆಗೆ ಈಗ ಇದು ಬೇಕಾಗಿಲ್ಲ. ಮುಂದೆ ಎಂದಾದರೂ ಡಾಕ್ಟರ್ ಇಮ್ಯುನೋಥೆರಪಿ ಅಂದರೆ, ಕಡಿಮೆ ಡೋಸ್ ಆಗುತ್ತದಾ ಅಂತ ಕೇಳಲು ಹಿಂಜರಿಯಬೇಡಿ.

ಕಷಾಯದ ವಿಷಯ. ಬ್ರೇಕ್ ಬಿಡಿಸುವ ಈ ಔಷಧಿ ಪಡೆದವರಲ್ಲಿ ಕೆಲವರಿಗೆ ಥೈರಾಯ್ಡ್, ಕರುಳು, ಲಿವರ್, ಶ್ವಾಸಕೋಶದಲ್ಲಿ ಉರಿಯೂತ ಬರುತ್ತದೆ. ಶಕ್ತಿ ಸುಮ್ನೆ ಜಾಸ್ತಿಯಾದರೆ ಒಳ್ಳೆಯದೇ ಆಗುತ್ತದೆ ಅನ್ನುವಂತಿಲ್ಲ. ಕಷಾಯವಂತೂ ಟಿ ಕಣವನ್ನೇ ಹುಡುಕಿ ಚುರುಕು ಮಾಡುವುದಿಲ್ಲ. ನಮ್ಮ ಬೇಲಿಗಳಲ್ಲೇ ಹಬ್ಬುವ ಅಮೃತಬಳ್ಳಿಯನ್ನು ಕೋವಿಡ್ ಸಮಯದಲ್ಲಿ ದಿನಾ ಕುಡಿದ ಕೆಲವರಿಗೆ ಲಿವರ್ ಕೆಟ್ಟದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಚಿಕಿತ್ಸೆ ನಡೆಯುವಾಗ ಲಿವರ್ ಮೇಲೆ ಹೆಚ್ಚಿನ ಭಾರ ಬೇಡ. ಏನೇ ಕೊಡುವುದಿದ್ದರೂ ಡಾಕ್ಟರಿಗೆ ಹೇಳಿ ಕೊಡಿ. ಆಸ್ಪಿರಿನ್ ಕೂಡ ಹಾಗೇ. ಕೆಲವು ಬಗೆಯ ಕರುಳಿನ ಕ್ಯಾನ್ಸರ್‌ನಲ್ಲಿ ಅದರಿಂದ ಉಪಯೋಗ ಕಂಡಿದೆ, ಆರೋಗ್ಯವಾಗಿದ್ದ ವಯಸ್ಸಾದವರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ ಕ್ಯಾನ್ಸರ್ ಸಾವು ಹೆಚ್ಚೇ ಕಂಡಿತು. ಮೆಡಿಕಲ್ ಶಾಪಿನಿಂದ ತಂದು ನೀವಾಗೇ ಕೊಡಬೇಡಿ.

ಅಪ್ಪನಿಗೆ ಈಗ ಬೇಕಿರುವುದು ಊಟ. ರೇಡಿಯೇಷನ್‌ನಲ್ಲಿ ಬಾಯಿ ಬೆಂದಂತಾಗಿರುತ್ತದೆ, ಖಾರ ಹುಳಿ ತಾಗಿದರೆ ಪ್ರಾಣ ಹೋದಂತಾಗುತ್ತದೆ. ತುಪ್ಪ ಹಾಕಿದ ಗಂಜಿ, ಮೆಣಸು ಹಾಕದ ಒಂದೆಲಗದ ತಂಬುಳಿ, ಮೆತ್ತಗೆ ಬೇಯಿಸಿದ ಬೇಳೆ, ತಿನ್ನುವವರಾದರೆ ಮೊಟ್ಟೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಆರು ಸಲ ಆದರೂ ಸರಿ. ತೂಕ ಇಳಿಯುತ್ತಿದ್ದರೆ ಆ ವಾರವೇ ಹೇಳಿ, ಮುಂದಿನ ಚೆಕಪ್‌ವರೆಗೆ ಕಾಯಬೇಡಿ.

ಇನ್ನು ಅಡಿಕೆ. ಬರೆಯುವುದು ಕಷ್ಟ, ಈ ಪತ್ರಿಕೆ ಓದುವ ಎಷ್ಟೋ ಮನೆಗಳ ಅನ್ನ ಅದು. ನಿಮ್ಮ ತಂದೆ ಕವಳ, ಅಂದರೆ ಎಲೆ ಅಡಿಕೆ ಹಾಕುತ್ತಿದ್ದರು, ಹೊಗೆಸೊಪ್ಪು ಮುಟ್ಟಿದವರಲ್ಲ, ಆದರೂ ಹೀಗೇಕೆ ಅಂತ ಕೇಳಿದ್ದೀರಿ. ಹೊಗೆಸೊಪ್ಪು ಸೇರಿದ ಎಲೆ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ಕ್ಯಾನ್ಸರ್‌ಕಾರಕ ಅಂದಿತ್ತು. 2004ರಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ದಿನಾ ಅಗಿದರೆ ಕೆನ್ನೆಯ ಒಳಪದರ ಕೆರಳುತ್ತಲೇ ಇರುತ್ತದೆ, ಮಾಯಲು ಬಿಡುವು ಸಿಗುವುದಿಲ್ಲ. ಮಾಯಿಸಲು ಹೊರಟ ಕೋಶಗಳು ನಾರು ಕಟ್ಟುತ್ತಾ ಹೋಗುತ್ತವೆ. ಮೆತ್ತಗಿದ್ದ ಕೆನ್ನೆ ಬೆಳ್ಳಗೆ, ಗಟ್ಟಿಯಾಗಿ, ಹಗ್ಗದಂತೆ ಕೈಗೆ ಸಿಗುತ್ತದೆ. ಬೆಳೆದು ಮಾರುವುದು ಬಿಡಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ಬಾಯಿಗೆ ಹಾಕುವುದನ್ನು ಬಿಡಿ ಅಂತ ಕೈಮುಗಿದು ಕೇಳುತ್ತೇನೆ.

ಪತ್ರದ ಕೊನೆಯಲ್ಲಿ ನೀವು ಹಾಗೇ ಒಂದು ಸಾಲು ಬರೆದಿದ್ದೀರಿ: ತಮ್ಮನೂ ದಿನಾ ಗುಟ್ಕಾ ಹಾಕುತ್ತಾನೆ, ಈಚೆಗೆ ಸಾರು ತಿಂದರೆ ಬಾಯಿ ಉರಿ ಅಂತಾನೆ, ತುತ್ತು ಸಣ್ಣದು ಮಾಡಿಕೊಂಡು ತಿನ್ನುತ್ತಾನೆ. ಇಡೀ ಪತ್ರದಲ್ಲಿ ನನಗೆ ಗಾಬರಿಯಾದದ್ದು ಆ ಸಾಲಿಗೆ. ಇವತ್ತೇ ಅವನನ್ನು ಕೂರಿಸಿ, ಅವನದ್ದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹೋಗುತ್ತದಾ ನೋಡಲು ಹೇಳಿ. ಮೂರೂ ಸಲೀಸಾಗಿ ಹೋಗಬೇಕು, ಹೋಗದಿದ್ದರೆ ಮೇಲೆ ಹೇಳಿದಂತೆ ಕೆನ್ನೆ ಗಟ್ಟಿಯಾಗುತ್ತಿರಬಹುದು. ಹೋಗಲಿ ಬಿಡಲಿ, ಈ ವಾರದೊಳಗೆ ಅಪ್ಪನ ರೇಡಿಯೇಷನ್‌ಗೆ ಹೋಗುವ ದಿನವೇ ಅವನನ್ನೂ ಕಾರಿಗೆ ಹತ್ತಿಸಿಕೊಂಡು ಹೋಗಿ, ಬಾಯಿ ಕ್ಯಾನ್ಸರ್ ನೋಡುವ ಡಾಕ್ಟರಿಗೋ ದಂತವೈದ್ಯರಿಗೋ ತೋರಿಸಿ. ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರ ದಾಟಿದ ಹುಣ್ಣು ಏನಿದ್ದರೂ ಮುಚ್ಚಿಡದೆ ಹೇಳಲಿ. ತುಣುಕು ತೆಗೆಯಬೇಕು ಅಂದರೆ ಅಲ್ಲೇ ತೆಗೆಸಿ. ಏನಾಯಿತು ಅಂತ ನನಗೊಂದು ಸಾಲು ಬರೆಯಿರಿ.