ತೋಟದ ಸಿಲ್ವರ್ ಮರ ಒಟ್ಟು ಲೆಕ್ಕಕ್ಕೆ ಕೊಡಬಹುದಾ?

ಕಾಫಿ ತೋಟದ ಸಿಲ್ವರ್ ಓಕ್ ಮರಗಳನ್ನು ವ್ಯಾಪಾರಿ ಒಟ್ಟಿಗೆ ಇಷ್ಟು ಅಂತ ಕೇಳುತ್ತಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಅಳೆಯದೆ ಕೊಡಬೇಡಿ. ನಾವು ಸೋಮವಾರಪೇಟೆ ಕಡೆಯವರು. ಸಿಲ್ವರ್ ಕೊಟ್ಟಾಗೆಲ್ಲ ಅಳತೆ ಮೇಲೆಯೇ ಕೊಟ್ಟಿದ್ದೇವೆ.

ಲೆಕ್ಕ ಕಷ್ಟವೇನಿಲ್ಲ. ದಿಮ್ಮಿಯ ನಡುವೆ ಟೇಪು ಸುತ್ತಿ ಸುತ್ತಳತೆಯನ್ನು ಇಂಚಿನಲ್ಲಿ ತೆಗೆಯಿರಿ. ಅದರ ಕಾಲು ಭಾಗವನ್ನು ಆ ಕಾಲು ಭಾಗದಿಂದಲೇ ಗುಣಿಸಿ. ಬಂದದ್ದನ್ನು ಅಡಿ ಲೆಕ್ಕದ ಉದ್ದದಿಂದ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂದರೆ ಸಿಎಫ್‌ಟಿ ಸಿಗುತ್ತದೆ. 48 ಇಂಚು ಸುತ್ತಳತೆ, 10 ಅಡಿ ಉದ್ದ ಇದ್ದರೆ 10 ಸಿಎಫ್‌ಟಿ. ಆದರೆ ಆ ದಿಮ್ಮಿಯಲ್ಲಿ ನಿಜಕ್ಕೂ ಇರುವುದು 12.7 ಸಿಎಫ್‌ಟಿ! ಅಂದರೆ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಈ ಲೆಕ್ಕದಲ್ಲೇ ವ್ಯಾಪಾರಿಗೆ ಬಿಟ್ಟ ಹಾಗಾಯಿತು. ಅದರ ಮೇಲೆ ತೊಗಟೆಗೆ ಅಂತ ಎರಡಿಂಚು ಬಿಡಿ ಅಂದರೆ ಒಪ್ಪಬೇಡಿ. 46 ಇಂಚು ಅಂತ ಬರೆದರೆ 10 ಇದ್ದದ್ದು 9.2ಕ್ಕೆ ಇಳಿಯುತ್ತದೆ. ಟೇಪನ್ನು ಸಣ್ಣ ತುದಿಯ ಕಡೆ ಸರಿಸುವವರೂ ಇದ್ದಾರೆ, ಪಕ್ಕದಲ್ಲೇ ನಿಂತಿರಿ.

ದಪ್ಪ ಮರಕ್ಕೂ ಸಣ್ಣ ಮರಕ್ಕೂ ದರ ಬೇರೆ ಬೇರೆ. ಒಟ್ಟು ವ್ಯಾಪಾರದಲ್ಲಿ ಅದು ಗೊತ್ತೇ ಆಗುವುದಿಲ್ಲ. ಇಬ್ಬರು ಮೂವರನ್ನು ಕೇಳಿ ನೋಡಿ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿ ಇದೆ, ಸಿಲ್ವರ್ ಅದರಲ್ಲಿದೆ. ಹಾಗಂತ ಸುಮ್ನೆ ಲಾರಿ ತರಿಸಬೇಡಿ, ಸಾಗಣೆ ವಿಷಯ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. "ಜೊತೆಗೆ ಆ ಹೊನ್ನೆ, ಬೀಟೆನೂ ಕೊಟ್ಟುಬಿಡಿ" ಅಂದರೆ ಖಂಡಿತ ಬೇಡ. ಅವುಗಳ ಕಾನೂನೇ ಬೇರೆ. ಕೊಡಗಿನ ಬಾಣೆ ಜಾಗವಾದರೆ (ಗದ್ದೆಯ ಜೊತೆಗೆ ಸೇರಿ ಬಂದ ಕಾಡು ಜಾಗ) ಮರದ ಹಕ್ಕು ರಿಡೀಮ್ ಆಗಿದೆಯಾ, ಅಂದರೆ ಸರ್ಕಾರಕ್ಕೆ ಹಣ ಕಟ್ಟಿ ಬಿಡಿಸಿಕೊಂಡಿದೆಯಾ ಅಂತಲೂ ನೋಡಬೇಕು. ಅದಿರಲಿ, ಕಾಡುಮರದ ನೆರಳು ಒಮ್ಮೆ ಹೋದರೆ ನಮ್ಮ ಕಾಲಕ್ಕೆ ಮತ್ತೆ ಬರುವುದಿಲ್ಲ, ಅಲ್ವಾ?

ಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬಿರುವ ಸಿಲ್ವರ್ ಬಿಟ್ಟುಬಿಡಿ, ಅದು ವರ್ಷಾ ವರ್ಷಾ ದುಡ್ಡು ಕೊಡುವ ಮರ. ಉಳಿದದ್ದನ್ನು ಕಾಫಿ ಕುಯ್ಲು ಮುಗಿದ ಮೇಲೆ, ಕಾಫಿ ಹೂ ಬಿಡಿಸುವ ಹೂಮಳೆಗೆ ಮೊದಲು ಕಡಿಸಿ. ಮೊದಲು ಕೊಂಬೆ ಇಳಿಸಿ, ಹಗ್ಗ ಕಟ್ಟಿ ಬೀಳಿಸಬೇಕು. ಮುರಿದ ಪ್ರತಿ ಕಾಫಿ ಗಿಡಕ್ಕೆ ಎಷ್ಟು, ಸೌದೆ ಯಾರಿಗೆ ಅನ್ನುವುದನ್ನು ಕರಾರಿನಲ್ಲೇ ಬರೆಸಿ. ಅಳೆದ ದಿಮ್ಮಿಗೆ ನಂಬರ್ ಹಾಕಿ, ನಿಮ್ಮ ಪುಸ್ತಕದಲ್ಲೂ ಬರೆದುಕೊಳ್ಳಿ. ದುಡ್ಡು ಕೈಗೆ ಬಂದ ಮೇಲೆಯೇ ಲೋಡ್ ಮಾಡಲು ಬಿಡಿ.