ಓದುಗರ ಪ್ರಶ್ನೆ, ವೈದ್ಯರ ಉತ್ತರ: ಸಂಜೆಗೆ ಬಾತುಕೊಳ್ಳುವ ಪಾದಗಳು

ಪ್ರಶ್ನೆ: ನನಗೆ 48 ವರ್ಷ. ಸಿಂಧನೂರಿನಲ್ಲಿ ಖಾನಾವಳಿ ನಡೆಸುತ್ತೇನೆ. ನಸುಕಿನಲ್ಲಿ ಒಲೆಯ ಮುಂದೆ ನಿಂತರೆ ಮಧ್ಯಾಹ್ನದ ಊಟ ಮುಗಿಯುವವರೆಗೆ ಕೂರುವುದಕ್ಕೆ ಆಗುವುದಿಲ್ಲ. ಬೇಸಿಗೆ ಶುರುವಾದಾಗಿನಿಂದ ಸಂಜೆಯ ಹೊತ್ತಿಗೆ ಎರಡೂ ಪಾದಗಳು ಬಾತು ಕಾಲುಂಗುರಗಳು ಒತ್ತತೊಡಗುತ್ತವೆ. ಬೆಳಿಗ್ಗೆ ಬಾವು ಇಳಿದಿರುತ್ತದೆ. ಎರಡು ವರ್ಷಗಳಿಂದ ಬಿಪಿಗೆ ಅಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದು, ಈಚೆಗೆ ಅದನ್ನು 5 ಮಿ.ಗ್ರಾಂನಿಂದ 10ಕ್ಕೆ ಹೆಚ್ಚಿಸಿದ್ದಾರೆ. ಮೊಣಕಾಲು ನೋವಿಗೆ ಔಷಧಿ ಅಂಗಡಿಯಿಂದ ಡೈಕ್ಲೋಫಿನಾಕ್ ತರಿಸಿಕೊಳ್ಳುತ್ತೇನೆ. ಮೈಯಲ್ಲಿ ನೀರು ತುಂಬಿದೆಯೆಂದು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದೇನೆ. ಪಕ್ಕದ ಮನೆಯ ಅಜ್ಜಿ ಕೊಮ್ಮೆ ಗಿಡದ ಬೇರು ಮತ್ತು ಜ್ಯೇಷ್ಠಮಧುವಿನ ಕಷಾಯ ಕುಡಿಯಲು ಹೇಳಿದ್ದಾರೆ. ನೀರಿನ ಮಾತ್ರೆಯ (ಮೂತ್ರ ಹೆಚ್ಚಿಸಿ ಬಾವು ಇಳಿಸುವ ಮಾತ್ರೆಯ) ಸಹವಾಸವಿಲ್ಲದೆ ಇದನ್ನು ಇಳಿಸಿಕೊಳ್ಳಬಹುದೇ?
— ಓದುಗರೊಬ್ಬರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ತಾಯಿ, ಮೊದಲು ನೀರು ಕುಡಿಯಿರಿ. ಕಾಲಿನಲ್ಲಿ ನಿಂತ ನೀರು ನೀವು ಹೆಚ್ಚು ಕುಡಿದದ್ದರಿಂದ ಬಂದದ್ದಲ್ಲ. ನಮ್ಮ ಕಡೆಯ ಏಪ್ರಿಲ್–ಮೇ ಬಿಸಿಲಿನಲ್ಲಿ, ಅದರಲ್ಲೂ ಒಲೆಯ ಮುಂದೆ, ನೀರು ಬಿಟ್ಟರೆ ಮೂತ್ರಪಿಂಡಗಳು ಇರುವ ನೀರನ್ನೂ ಉಪ್ಪನ್ನೂ ಇನ್ನಷ್ಟು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ವೈದ್ಯರೇ ನೀರಿಗೆ ಮಿತಿ ಹಾಕಿರುವ ಹೃದಯ ಅಥವಾ ಮೂತ್ರಪಿಂಡದ ರೋಗಿಗಳನ್ನು ಬಿಟ್ಟು ಉಳಿದ ಯಾರೂ ಬಾವಿಗೆಂದು ನೀರು ಬಿಡಬಾರದು.

ನೀರನ್ನು ಹಿಡಿದಿಡುವುದು ಉಪ್ಪು. ಆಸ್ಪತ್ರೆಯಲ್ಲಿ ಏರಿಸುವ ಸಾಮಾನ್ಯ ಸಲೈನ್‌ನ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪು ಇರುತ್ತದೆ, ಏಕೆಂದರೆ ನಮ್ಮ ರಕ್ತದ ಉಪ್ಪಿನ ಹದವೂ ಹೆಚ್ಚುಕಡಿಮೆ ಅದೇ. ಅಂದರೆ ಹೊರಹೋಗಬೇಕಾದ 9 ಗ್ರಾಂ ಉಪ್ಪು ಮೈಯಲ್ಲೇ ಉಳಿದರೆ ಅದು ತನ್ನೊಂದಿಗೆ ಸುಮಾರು ಒಂದು ಲೀಟರ್ ನೀರನ್ನೂ ಉಳಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚೆಗಿಂತ ಕಡಿಮೆ ಉಪ್ಪು. ನಮ್ಮ ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪೇ ಹಾಕುವುದಿಲ್ಲ ಎಂಬುದು ದೊಡ್ಡ ಅನುಕೂಲ; ಉಪ್ಪು ಬರುವುದು ಅದರ ಜೊತೆಯ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಕೆಂಪು ಚಟ್ನಿಗಳಿಂದ. ಬೆಳಗಿನ ಒಗ್ಗರಣೆ–ಮಿರ್ಚಿಯ ವಿಷಯವನ್ನೂ ಹೇಳಲೇಬೇಕು. ಒಗ್ಗರಣೆಯ ಮಂಡಾಳಿಗೆ (ಮಂಡಕ್ಕಿಗೆ) ಹುರಿಯುವ ಮೊದಲೇ ಉಪ್ಪು ಸೇರಿರುತ್ತದೆ, ಮಿರ್ಚಿಯ ಹಿಟ್ಟಿನ ಸೋಡಾಪುಡಿಯಲ್ಲೂ ಉಪ್ಪಿನಲ್ಲಿರುವ ಸೋಡಿಯಂ ಅಂಶವೇ ಇರುತ್ತದೆ. ಹೊಟ್ಟೆಯುಬ್ಬರಕ್ಕೆ ಕುಡಿಯುವ ನೊರೆ ಬರುವ ಪುಡಿಯೂ ಅದೇ ಜಾತಿಯದು. ಅಡುಗೆಯ ಹದ ನೋಡಲು ದಿನವಿಡೀ ರುಚಿ ನೋಡುವ ನಿಮ್ಮಂಥವರಿಗೆ ತಾವು ತಿಂದ ಉಪ್ಪಿನ ಲೆಕ್ಕ ಸುಲಭವಾಗಿ ತಪ್ಪುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನಗೆ ಉಪ್ಪಿಗಿಂತ ಮುಖ್ಯವೆನಿಸಿದ್ದು ಎರಡು ಮಾತ್ರೆಗಳು. ಅಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಹಿಗ್ಗಿಸುವುದರಿಂದ ರಕ್ತದ ದ್ರವ ಪಾದದ ಅಂಗಾಂಶಕ್ಕೆ ಜಿನುಗುತ್ತದೆ. ಪ್ರಮಾಣ ಹೆಚ್ಚಿದಷ್ಟೂ ಈ ಬಾವು ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಉಪ್ಪು ಉಳಿದು ಬಂದ ಬಾವಲ್ಲವಾದ್ದರಿಂದ ನೀರಿನ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ. ಡೈಕ್ಲೋಫಿನಾಕ್ ಮಾತ್ರ ಮೂತ್ರಪಿಂಡ ಉಪ್ಪನ್ನು ಹೊರಹಾಕದಂತೆ ಮಾಡುತ್ತದೆ, ಬಿಪಿಯನ್ನೂ ಏರಿಸುತ್ತದೆ. ನೋವಿನ ಮಾತ್ರೆಯಿಂದ ಬಿಪಿ ಏರಿ, ಅದಕ್ಕಾಗಿ ಅಮ್ಲೋಡಿಪಿನ್ ಹೆಚ್ಚಾಗಿ, ಅದರಿಂದ ಕಾಲು ಬಾತಿರುವ ಸಾಧ್ಯತೆಯನ್ನು ನಿಮ್ಮ ವೈದ್ಯರೊಂದಿಗೆ ಮಾತನಾಡಿ. ಬಿಪಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರಮಾಣ ತಗ್ಗಿಸಲು, ಬೇರೆ ಗುಂಪಿನ ಔಷಧಿ ಸೇರಿಸಲು ಅವರಿಗೆ ದಾರಿಗಳಿವೆ. ಅಂಗಡಿಯಿಂದ ತರುವ ನೋವಿನ ಮಾತ್ರೆಯನ್ನಂತೂ ಇಂದೇ ನಿಲ್ಲಿಸಿ, ಮೊಣಕಾಲಿಗೆ ಬಿಸಿ ಶಾಖ ಕೊಟ್ಟುಕೊಳ್ಳಿ.

ಕಷಾಯದ ಮಾತು. ಆಯುರ್ವೇದದಲ್ಲಿ ಪುನರ್ನವ ಎನ್ನುವ ಕೊಮ್ಮೆಯನ್ನು ಬಾವಿಗೆ ಬಹುಕಾಲದಿಂದ ಬಳಸುತ್ತಾರೆ, ಅಜ್ಜಿ ಹೇಳಿದ್ದು ಆಧಾರವಿಲ್ಲದ ಮಾತಲ್ಲ. ಸೊಪ್ಪನ್ನು ಪಲ್ಯ ಮಾಡಿ ತಿನ್ನಲು ಅಡ್ಡಿಯಿಲ್ಲ. ಆದರೆ ಬಿಪಿ ಮಾತ್ರೆಯ ಜೊತೆಗೆ ದಿನವೂ ಬೇರಿನ ಕಷಾಯ ಕುಡಿಯುವುದನ್ನು ವೈದ್ಯರಿಗೆ ತಿಳಿಸದೆ ಮಾಡಬೇಡಿ. ಜ್ಯೇಷ್ಠಮಧುವನ್ನು ಮಾತ್ರ ಖಂಡಿತ ಬಿಡಿ: ಅದರಲ್ಲಿರುವ ಗ್ಲಿಸರೈಜಿನ್ ಎಂಬ ಅಂಶ ಸೋಡಿಯಂ ಮತ್ತು ನೀರನ್ನು ಉಳಿಸಿ, ಪೊಟ್ಯಾಷಿಯಂ ಅನ್ನು ಕಳೆದು, ಬಿಪಿಯನ್ನು ಏರಿಸುತ್ತದೆ. ಬೇರು ಎಂದಮಾತ್ರಕ್ಕೆ ಅದು ನಿರಪಾಯವಲ್ಲ.

ಇನ್ನು ಖರ್ಚಿಲ್ಲದ ಉಪಾಯಗಳು. ಮೀನಖಂಡದ ಸ್ನಾಯು ಬಿಗಿದಾಗಲೆಲ್ಲ ಕಾಲಿನ ರಕ್ತ ಮೇಲಕ್ಕೆ ತಳ್ಳಲ್ಪಡುತ್ತದೆ. ಕದಲದೆ ನಿಂತರೆ ಆ ಪಂಪು ನಿಂತಂತೆಯೇ. ರೊಟ್ಟಿ ಬೇಯುವ ಹೊತ್ತಿನಲ್ಲೇ ಹಿಮ್ಮಡಿ ಎತ್ತಿ ಇಳಿಸಿ, ಅರ್ಧ ಗಂಟೆಗೊಮ್ಮೆ ಇಪ್ಪತ್ತು ಸಲ. ಮಧ್ಯಾಹ್ನದ ಪಂಕ್ತಿ ಮುಗಿದ ಕೂಡಲೇ ಮಲಗಿ, ಪಾದಗಳು ಎದೆಗಿಂತ ಎತ್ತರದಲ್ಲಿ ಇರುವಂತೆ ದಿಂಬುಗಳ ಮೇಲೆ ಹದಿನೈದು–ಇಪ್ಪತ್ತು ನಿಮಿಷ ಇಡಿ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚಿದರೆ ಅದು ಸಾಲದು. ಒತ್ತಡದ ಕಾಲುಚೀಲ ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಹಾಕಿ ರಾತ್ರಿ ತೆಗೆಯುವಂಥದು. ಸಕ್ಕರೆ ಕಾಯಿಲೆ ಅಥವಾ ಪಾದದ ರಕ್ತಸಂಚಾರ ಕಡಿಮೆ ಇರುವವರು ಪರೀಕ್ಷಿಸಿಕೊಳ್ಳದೆ ಹಾಕಬಾರದು. ಬಾತ ಬೆರಳಿನ ಕಾಲುಂಗುರಗಳನ್ನು ಸದ್ಯ ತೆಗೆದಿಡಿ, ಗಾಯವಾದೀತು.

ಒಮ್ಮೆ ಮೂತ್ರದ ಪ್ರೋಟೀನ್, ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ), ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಒಂದೇ ಕಾಲು ಬಾತು ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು. ಮಲಗಿದರೆ ಉಸಿರು ಕಟ್ಟುವುದು, ಬೆಳಿಗ್ಗೆ ಮುಖ ಬಾತಿರುವುದು, ಮೂತ್ರ ನೊರೆನೊರೆಯಾಗುವುದು, ಎರಡು–ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರುವುದು, ಇವುಗಳಲ್ಲಿ ಯಾವುದು ಕಂಡರೂ ಖಾನಾವಳಿಯನ್ನು ಅಂದು ಮುಚ್ಚಿಯಾದರೂ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಮೂತ್ರಪಿಂಡದ ಕಾಯಿಲೆಯಿದ್ದು ಪಾದಗಳು ಬಾತಿವೆ. ನೈಸರ್ಗಿಕವಾದುದರಿಂದ ದಿನಾ ಎಳನೀರು ಕೊಡಿ, ಅಡುಗೆಗೆ ಕಡಿಮೆ ಸೋಡಿಯಂ ಇರುವ ಉಪ್ಪು ಬಳಸಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಕೊಡಬಹುದೇ?
— ಓದುಗರೊಬ್ಬರು, ಕಾರಟಗಿ, ಕೊಪ್ಪಳ ಜಿಲ್ಲೆ

ಉತ್ತರ: ಎರಡೂ ಬೇಡ. ಒಂದು ಲೋಟ ಎಳನೀರಿನಲ್ಲಿ ಸುಮಾರು 500–600 ಮಿ.ಗ್ರಾಂ ಪೊಟ್ಯಾಷಿಯಂ ಇರುತ್ತದೆ. ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂನ ಜಾಗಕ್ಕೆ ಬರುವುದು ಬಹುತೇಕ ಪೊಟ್ಯಾಷಿಯಂ ಕ್ಲೋರೈಡೇ. ಆರೋಗ್ಯವಂತರಿಗೆ ಒಳ್ಳೆಯದಾದ ಈ ಪೊಟ್ಯಾಷಿಯಂ, ದುರ್ಬಲ ಮೂತ್ರಪಿಂಡದವರ ರಕ್ತದಲ್ಲಿ ಉಳಿದು ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಿ, ಹುರಿದ ಜೀರಿಗೆ, ಬೆಳ್ಳುಳ್ಳಿ, ಮೆಣಸಿನಿಂದ ರುಚಿ ತನ್ನಿ. ದಿನಕ್ಕೆ ಎಷ್ಟು ನೀರು ಎಂಬುದನ್ನು ಅವರ ಮೂತ್ರದ ಪ್ರಮಾಣ ನೋಡಿ ಮೂತ್ರಪಿಂಡದ ತಜ್ಞರು ನಿಗದಿ ಮಾಡುತ್ತಾರೆ; ಆ ಅಳತೆಯ ನೀರನ್ನು ಬೆಳಿಗ್ಗೆಯೇ ಒಂದು ತಂಬಿಗೆಯಲ್ಲಿ ತುಂಬಿಟ್ಟು, ಚಹಾ–ಮಜ್ಜಿಗೆಯ ಲೆಕ್ಕವನ್ನೂ ಅದರಲ್ಲೇ ಕಳೆಯಿರಿ.